ಕಲ್ಲು ತಿರುಗಿದರೆ ಹಾಡು

ಮಹಾರಾಷ್ಟ್ರದ ಕಾಗಲ ತಾಲೂಕಿನ ಸುಳಕೂಡ ದೂಧಗಂಗೆಯ ದಂಡೆಯ ಊರು. ಹೊಳೆಗುಂಟ ಕೆಳಗಿಳಿದರೆ ಕಾರದಗಾ, ಸದಲಗಾ, ಯಕ್ಸಂಬಾ, ಅದು ಕರ್ನಾಟಕ. ಇತ್ತ ಬೆಳ್ಳಿಯ ಕೆಲಸಕ್ಕೆ ಹೆಸರಾದ ಹುಪರಿ, ಅದರಾಚೆ ಇಚಲಕರಂಜಿಯ ಮಗ್ಗಗಳು. ಇಂಥ ಊರಿನ ಕನ್ನಡದ ಮನೆಯಲ್ಲಿ ಹುಟ್ಟಿದವರಿಗೆ ವಯಸ್ಸಿಗೊಂದು ಭಾಷೆಯ ಹಾಡು ದಕ್ಕುತ್ತದೆ. ತೊಟ್ಟಿಲಿನದು ಕನ್ನಡ, ಸಾಲೆಯದು ಮರಾಠಿ, ಹರೆಯದ್ದು ಹಿಂದಿ, ಮದುವೆಗೆ ಮತ್ತೆ ಕನ್ನಡ, ಹೆಣದ ಮುಂದೆ ಹಾಡುವುದೂ ಕನ್ನಡವೇ. ಇದನ್ನು ಯಾರೂ ಕೂತು ಗೊತ್ತು ಮಾಡಿದ್ದಲ್ಲ. ಹಾಡು ಯಾವುದರ ಬೆನ್ನು ಹತ್ತಿ ಬಂತೋ ಅದರ ಭಾಷೆ ಹಾಡಿಗೂ ಬಂತು. ಅರವತ್ತು ದಾಟಿದ ಈ ದಿನಗಳಲ್ಲಿ ಹಳೆಯ ಹಾಡೊಂದು ಬಾಯಿಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಒಂದು ಕೆಲಸ, ಆ ಕೆಲಸ ಮಾಡುತ್ತಿದ್ದ ಕೈ. ಆ ವರ್ಷ ಯಾವುದು, ನನಗೆಷ್ಟು ವಯಸ್ಸು ಎಂಬುದೆಲ್ಲ ಆಮೇಲೆ ನಿಧಾನವಾಗಿ ಬರುತ್ತದೆ.

ಮೊದಲ ಕೈ ಆಯಿಯದು, ಅಂದರೆ ಅಪ್ಪನ ತಾಯಿಯದು. ಆಯಿಯ ತವರು ಗಡಹಿಂಗ್ಲಜದ ಕಡೆ, ಹಿರಣ್ಯಕೇಶಿಯ ಬಯಲಿನ ಹಳ್ಳಿ. ಆಕೆ ಬೀಸುತ್ತಿದ್ದದ್ದು ಕೋಳಿ ಕೂಗುವುದಕ್ಕಿಂತ ಮುಂಚೆ. ಎದುರಿಗೆ ಅವ್ವ, ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಆಯಿ ಇನ್ನೊಂದು ಕೈಯಿಂದ ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕಿ ಒಂದು ನುಡಿ ಎತ್ತುವಳು, ಅವ್ವ ಹಿಡಿಯುವಳು. ತ್ರಿಪದಿಯ ನಡೆ ಬೀಸುವವರಿಗೆಂದೇ ಹೇಳಿ ಮಾಡಿಸಿದ್ದು. ಎರಡನೆಯ ಸಾಲಿನ ತುದಿಯನ್ನು ತಿರುಗಿ ಹಿಡಿದು ಮೂರನೆಯದಕ್ಕೆ ಸೇರಿಸುವಾಗ ಹಾಡುವವಳಿಗೆ ಉಸಿರೆಳೆಯಲು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲೇ ಮುಂದಿನ ಹಿಡಿ ಕಾಳು ಬೀಳುತ್ತದೆ. ಮೊದಲು ಕಲ್ಲಿಗೆ ಶರಣು, ಆಮೇಲೆ ಮನೆದೇವರು, ಸವದತ್ತಿಯ ಎಲ್ಲಮ್ಮ, ಆಮೇಲೆ ತವರಿನ ಅಣ್ಣತಮ್ಮಂದಿರು. ಬುಟ್ಟಿಯ ತಳ ಕಾಣುವ ಹೊತ್ತಿಗೆ ಹಾಡು ಹಾಡುವವಳ ಒಡಲ ಹತ್ತಿರವೇ ಬಂದಿರುತ್ತಿತ್ತು. ಒಲೆಯ ಮುಂದೆ ಬಾಯಿಬಿಟ್ಟು ಹೇಳಲಾಗದ್ದನ್ನು ಅಲ್ಲಿ ಹೇಳಬಹುದಿತ್ತು. ಅತ್ತೆ ಎದುರಿಗೇ ಕೂತು ಅದೇ ಗೂಟ ಹಿಡಿದಿದ್ದರೂ ಸೊಸೆ ಹೇಳಬಹುದಿತ್ತು, ಅತ್ತೆ ಅದನ್ನು ಮರುನುಡಿಯಬೇಕಿತ್ತು. ಈ ನ್ಯಾಯ ನಮ್ಮ ಮನೆಗಳಲ್ಲಿ ಬೇರೆಲ್ಲೂ ಇರಲಿಲ್ಲ. ನಾನು ಆಯಿ ಚಾಚಿದ ಕಾಲಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಕಲ್ಲಿನ ಗುಡುಗು ನನ್ನ ಕಿವಿಗಿಂತ ಮೊದಲು ಎಲುಬಿಗೆ ತಾಗುತ್ತಿತ್ತು.

ಊರಿಗೆ ಹಿಟ್ಟಿನ ಗಿರಣಿ ಬಂತು. ಅವ್ವನ ರಟ್ಟೆಗೆ ಬಿಡುಗಡೆಯಾಯಿತು. ಬೀಸುವ ಕಷ್ಟವನ್ನು ಯಾವ ಹೆಂಗಸೂ ಮರಳಿ ಬೇಡಿಕೊಂಡಿಲ್ಲ, ನಾನೂ ಬೇಡುವುದಿಲ್ಲ. ಆದರೆ ಗಿರಣಿಯ ಮುಂದೆ ಡಬ್ಬಿಗಳ ಪಾಳಿ ಹಚ್ಚಿ ನಿಂತವರ ಬಾಯಲ್ಲಿ ಹಾಡಿರಲಿಲ್ಲ. ನಿಂತಲ್ಲೇ ಅವರು ಮಾತಾಡಿದರು, ನಕ್ಕರು, ಜಗಳಾಡಿದರು, ಹಾಡಲಿಲ್ಲ.

ಸಾಲೆ ಮರಾಠಿ. ಬೆಳಗಿನ ಪ್ರಾರ್ಥನೆಗೆ ಸಾನೆ ಗುರೂಜಿಯವರು ಬರೆದ ಹಾಡು. ಸಾಲಾಗಿ ನಿಂತು ಕೈಜೋಡಿಸಿ ಹಾಡುವಾಗ ಅದರ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ, ಧಾಟಿ ಮಾತ್ರ ಮೊದಲ ವಾರದಲ್ಲೇ ನನ್ನದಾಗಿತ್ತು. 1967ರಲ್ಲಿ ಹುಟ್ಟಿದ ಬಾಲಭಾರತಿಯ ಪುಸ್ತಕಗಳು ಆಗಿನ್ನೂ ಹೊಸವು. ನಮ್ಮ ಗುರೂಜಿ ಪದ್ಯವನ್ನು ಓದಿಸುತ್ತಿರಲಿಲ್ಲ, ಧಾಟಿ ಕಟ್ಟಿ ಹಾಡಿಸುತ್ತಿದ್ದರು. ನನ್ನ ಮರಾಠಿ ಬಂದದ್ದು ಹಾಗೆ, ಹಾಡಿನ ಬಾಗಿಲಿನಿಂದ. ಇಂದಿಗೂ ಆ ಪದ್ಯಗಳನ್ನು ಮಾತಿನಂತೆ ಹೇಳಿರಿ ಅಂದರೆ ನನಗೆ ಬರುವುದಿಲ್ಲ, ಹಾಡಿದರೆ ಕೊನೆಯ ಸಾಲಿನವರೆಗೆ ಬರುತ್ತವೆ.

ಹುಡುಗಿಯರಾದ ನಮಗೆ ವರ್ಷದಲ್ಲಿ ಎರಡು ಸುಗ್ಗಿ. ಆಷಾಢದ ಮಂಗಳವಾರಗಳಲ್ಲಿ ಹಸಿಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗರಿಸಿ, ಸಂಜೆ ಸುತ್ತ ಕೂತು ಹಾಡುವುದು ಕನ್ನಡದಲ್ಲಿ. ಆಶ್ವೀಜದಲ್ಲಿ ಆನೆಯ ಚಿತ್ರ ನಡುವೆ ಇಟ್ಟು ಕೈಕೈ ಹಿಡಿದು ತಿರುಗುತ್ತ ಹದಗಾ ಹಾಡುವುದು ಮರಾಠಿಯಲ್ಲಿ. ಪುಣೆಯವರು ಭೋಂಡಲಾ ಅನ್ನುವುದನ್ನು ನಮ್ಮ ಕೊಲ್ಲಾಪುರದ ಕಡೆ ಹದಗಾ ಅನ್ನುತ್ತಾರೆ. ಹಾಡು ಮುಗಿದ ಮೇಲೆ ಮನೆಯಾಕೆ ಮುಚ್ಚಿದ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗಿನ ಖಿರಾಪತ, ಅಂದರೆ ಹಂಚುವ ತಿನಿಸು, ಯಾವುದೆಂದು ಸಪ್ಪಳದಿಂದಲೇ ಹೇಳಬೇಕು. ಗುಳ್ಳವ್ವನಿಗೆ ನಮ್ಮ ಮನೆಗೆ ಬರುತ್ತಿದ್ದ ಮರಾಠಿ ಹುಡುಗಿಯರು ಕನ್ನಡದ ಹಾಡನ್ನು ನಮ್ಮಷ್ಟೇ ಗಟ್ಟಿಯಾಗಿ ಹಾಡುತ್ತಿದ್ದರು. ದೊಡ್ಡವರು ಗಡಿಯ ವಿಷಯಕ್ಕೆ ದನಿ ಏರಿಸುತ್ತಿದ್ದ ವರ್ಷಗಳವು. ಮಹಾಜನ ಆಯೋಗದ ವರದಿ ಬಂದದ್ದೂ 1967ರಲ್ಲೇ. ನಮ್ಮ ಅಂಗಳಕ್ಕೆ ಆ ವರದಿ ಬರಲಿಲ್ಲ.

ಮುಂದೆ ಅಪ್ಪ ಮಗ್ಗದ ಕೆಲಸಕ್ಕೆ ಇಚಲಕರಂಜಿಗೆ ಹೋದರು, ಅವರ ಹಿಂದೆ ನಾವೂ ಹೋದೆವು. 1904ರಲ್ಲಿ ವಿಠ್ಠಲರಾವ ದಾತಾರ ಅವರು ಮೊದಲ ಯಂತ್ರಮಗ್ಗ ಹಾಕಿದಂದಿನಿಂದ ಬೆಳೆಯುತ್ತ ಬಂದ ಊರು ಅದು. ಓಣಿಗೆ ಕಾಲಿಟ್ಟರೆ ಎರಡೂ ಬದಿಯ ಗೋಡೆಗಳಾಚೆಯಿಂದ ಲಾಳಿಯ ಏಟು. ಹೊರಗಿನವರಿಗೆ ಅದು ಗದ್ದಲ, ಅಲ್ಲಿಯೇ ಮಲಗಿ ಎದ್ದವರಿಗೆ ಅದು ನಿಂತಾಗ ಮಾತ್ರ ಎಚ್ಚರ. ಅಪ್ಪನಿಗೆ ಊಟದ ಡಬ್ಬಿ ಒಯ್ದು ಕೊಡುತ್ತಿದ್ದವಳು ನಾನು. ಒಳಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ತುಟಿ ನೋಡಿಯೇ ತಿಳಿಯಬೇಕು. ಒಮ್ಮೆ ನೋಡಿದೆ, ಅಪ್ಪನ ತುಟಿ ಒಂದೇ ಸಮನೆ ಆಡುತ್ತಿದೆ, ಕುತ್ತಿಗೆಯ ನರ ಉಬ್ಬಿದೆ. ಹತ್ತಿರ ಹೋಗಿ ಕಿವಿಗೊಟ್ಟರೆ ಹಾಡು. ಪೂರ್ತಿ ದನಿ ತೆಗೆದು ಹಾಡುತ್ತಿದ್ದರು. ಪಕ್ಕದ ಮಗ್ಗದವರೂ ಅಷ್ಟೇ. ಒಂದು ಛಾವಣಿಯ ಕೆಳಗೆ ಅಷ್ಟು ಗಂಡಸರು, ಒಬ್ಬೊಬ್ಬರದು ಒಂದೊಂದು ಹಾಡು, ಯಾರಿಗೂ ಕೇಳಿಸದು. ಮನೆಯಲ್ಲಿ ಅಪ್ಪ ಎಂದೂ ಬಾಯಿಬಿಟ್ಟು ಹಾಡಿದವರಲ್ಲ.

ಮನೆಯಲ್ಲಿ ಅವರದು ರೇಡಿಯೊ. 1950ರಲ್ಲಿ ಶುರುವಾದ ಧಾರವಾಡದ ಆಕಾಶವಾಣಿಯೇ ಅವರಿಗೆ ಕರ್ನಾಟಕ. ಮಲ್ಲಿಕಾರ್ಜುನ ಮನ್ಸೂರರೋ ಬಸವರಾಜ ರಾಜಗುರುಗಳೋ ವಚನ ಹಾಡುವುದಿದ್ದರೆ ಮುಳ್ಳು ಅತ್ತ, ಯಾರೂ ಮುಟ್ಟುವಂತಿರಲಿಲ್ಲ. 1963ರಲ್ಲಿ ಬಂದ ಸಾಂಗಲಿ ಕೇಂದ್ರ ಅವ್ವನ ಪಾಲಿಗೆ. ಬುಧವಾರ ರಾತ್ರಿ ಎಂಟು ಗಂಟೆಗೆ ಮಾತ್ರ ರೇಡಿಯೊ ನಮ್ಮದು, ಮಕ್ಕಳದು: ಸಿಲೋನಿನಿಂದ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯವರ ದನಿ. ಆ ವಾರ ಯಾವ ಹಾಡು ಯಾವ ಮೆಟ್ಟಿಲೇರಿತು ಎಂದು ಅಣ್ಣ ವಹಿಯಲ್ಲಿ ಬರೆದಿಡುತ್ತಿದ್ದ. ಅಲೆ ಬಂದು ಹೋಗಿ ಮಾಡುತ್ತಿತ್ತು, ದನಿ ತೇಲಿ ಮುಳುಗುತ್ತಿತ್ತು. 2024ರ ಫೆಬ್ರವರಿಯಲ್ಲಿ ಸಯಾನಿಯವರು ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ನೆನಪಾದದ್ದು ಯಾವ ಸಿನೆಮಾದ ಹಾಡೂ ಅಲ್ಲ, ದನಿ ಮುಳುಗಿದಾಗಲೆಲ್ಲ ರೇಡಿಯೊಕ್ಕೆ ಇನ್ನಷ್ಟು ಹತ್ತಿರ ಸರಿಯುತ್ತಿದ್ದ ಅಣ್ಣನ ತಲೆ.

ರಾಮನವಮಿ ಬಂದರೆ ಗೀತರಾಮಾಯಣ. ಮಾಡಗೂಳಕರರು ಬರೆದು ಸುಧೀರ ಫಡಕೆಯವರು ರಾಗ ಹಾಕಿದ ಆ ಐವತ್ತಾರು ಹಾಡುಗಳು 1955ರ ರಾಮನವಮಿಯಿಂದ ವಾರಕ್ಕೊಂದರಂತೆ ಪುಣೆ ಕೇಂದ್ರದಿಂದ ಬಂದವು. ಫಡಕೆ ಹುಟ್ಟಿದ್ದು ಕೊಲ್ಲಾಪುರದಲ್ಲಿ, ಹಾಗಾಗಿ ನಮ್ಮ ಕಡೆಯವರಿಗೆ ಅವರು ಮನೆಯವರೇ. ಓದು ಬರಹ ತಿಳಿಯದ ಅವ್ವ, ಮರಾಠಿಯನ್ನು ಕನ್ನಡದ ರಾಗದಲ್ಲಿ ಆಡುತ್ತಿದ್ದ ಅವ್ವ, ಸೀತೆಯ ಹಾಡು ಬಂದರೆ ಕೈಯಲ್ಲಿದ್ದ ರೊಟ್ಟಿ ಹಿಟ್ಟು ಹಾಗೇ ಬಿಟ್ಟು ಕೂರುವಳು. ಬೀಸುಕಲ್ಲಿನಲ್ಲಿ ಆಕೆಯೂ ತವರಿನಿಂದ ದೂರವಾದ ಸೀತೆಯನ್ನೇ ಹಾಡುತ್ತಿದ್ದಳಲ್ಲವೇ!

ಕಾಲೇಜಿಗೆಂದು ಕೊಲ್ಲಾಪುರಕ್ಕೆ ಹೋದ ಮೇಲೆ ನನಗೆ ತಿಳಿಯಿತು, ಅಪ್ಪನ ಧಾರವಾಡದ ದನಿಯ ಬೇರು ಇಲ್ಲಿಯೇ ಇದೆ ಎಂದು. ಶಾಹೂ ಮಹಾರಾಜರ ಆಶ್ರಯದಲ್ಲಿ ಅಲ್ಲಾದಿಯಾ ಖಾನರು ನೆಲೆಸಿದ್ದು ಕೊಲ್ಲಾಪುರದಲ್ಲಿ. ಅವರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಹತ್ತಿರ ಕಲಿತವರು ಧಾರವಾಡ ಪಕ್ಕದ ಮನಸೂರಿನ ಮಲ್ಲಿಕಾರ್ಜುನ. ಬಸವಣ್ಣನ ವಚನ ಅವರ ಬಾಯಲ್ಲಿ ಏರುವ ದಾರಿ ಖಾನಸಾಹೇಬರು ಹಾಕಿಕೊಟ್ಟ ದಾರಿ. ಗದಗಿನ ಭೀಮಸೇನ ಜೋಶಿಯವರ ಕಥೆ ಇನ್ನೊಂದು. ಹುಡುಗನಿದ್ದಾಗ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿ, ಆ ಹಾಡೇ ಬೇಕೆಂದು ಮನೆ ಬಿಟ್ಟು ಹೋದವರು. ಒಂದು ಹಾಡು ಒಂದು ವಯಸ್ಸಿನಲ್ಲಿ ಕಿವಿಗೆ ಬಿದ್ದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ. ಆ ಕರೀಂ ಖಾನರೂ ನಮ್ಮ ಪಕ್ಕದ ಮೀರಜಿನಲ್ಲಿ ಇದ್ದವರೇ. ಮುಂದೆ ಭೀಮಸೇನರು ಅಭಂಗವನ್ನೂ ದಾಸರ ಪದವನ್ನೂ ಒಂದೇ ಭಕ್ತಿಯಿಂದ ಹಾಡಿದರು. ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರೇ ಕನ್ನಡದವನೆಂದು ಕರೆದಿದ್ದಾರೆ. ಹಾಗಿರುವಾಗ ಗಡಿಯ ಹಾಡುಗಾರ ಯಾವ ಭಾಷೆಯವನೆಂದು ಕೇಳುವುದು ನನಗೆ ಸರಿಕಾಣುವುದಿಲ್ಲ.

ನನ್ನ ಹರೆಯ ಮಾತ್ರ ಹಿಂದಿಯಲ್ಲೇ ಕಳೆಯಿತು. ಇಚಲಕರಂಜಿಗೆ ಹೋಗಿಬರುವ ಕೆಂಪು ಎಸ್‌ಟಿ ಬಸ್ಸು, ರಂಕಾಳೆ ಕೆರೆಯ ಕಟ್ಟೆ, ಭೇಳ ತಿನ್ನುತ್ತ ಗೆಳತಿ ಎತ್ತುತ್ತಿದ್ದ ಲತಾ ಮಂಗೇಶ್ಕರರ ಹಾಡು. ಆಕೆ ಮೊದಲ ಚರಣ ಹಾಡಿದರೆ ನಾನು ಎರಡನೆಯದು. ಓದು ಮುಗಿದು ಆಕೆ ರತ್ನಾಗಿರಿಯ ಕಡೆ ಮದುವೆಯಾಗಿ ಹೋದಳು. ಆ ಹಾಡುಗಳು ಎಲ್ಲಿ ಕೇಳಿದರೂ ನನಗೆ ಮೊದಲ ಚರಣ ಅವಳ ದನಿಯಲ್ಲೇ ಕೇಳುತ್ತದೆ, ಲತಾ ಎರಡನೆಯದರಿಂದ ಶುರು ಮಾಡುತ್ತಾರೆ.

ಮನಸ್ಸಿನ ವಿದ್ಯೆ ಓದಿದವರು ಇದಕ್ಕೊಂದು ಲೆಕ್ಕ ಹೇಳುತ್ತಾರೆ. ಮುಪ್ಪಿನಲ್ಲಿ ಮನುಷ್ಯ ಹಿಂದಿರುಗಿ ನೋಡಿದರೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಗುಂಪಾಗಿ ಎದ್ದು ಬರುತ್ತವಂತೆ. ಹಾಡಿನ ವಿಷಯದಲ್ಲೂ ಹಾಗೇ. 2013ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಅವರ ಜೊತೆಗಾರರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ ಬೇರೆ ಬೇರೆ ದಶಕಗಳ ಹಾಡು ಕೇಳಿಸಿ ನೋಡಿದರು. ಅವರ ಕಾಲದ ಹಾಡುಗಳ ಜೊತೆಗೆ, ಅವರು ಹುಟ್ಟುವುದಕ್ಕಿಂತ ಮುಂಚಿನವೂ ಆಪ್ತವಾಗಿ ಕಂಡವು: ಅಪ್ಪ ಅಮ್ಮ ಹರೆಯದಲ್ಲಿ ಕೇಳಿದವು, ಅವುಗಳ ಹಿಂದೆ ಇನ್ನೂ ಹಳೆಯ, ಅಜ್ಜ ಅಜ್ಜಿಯರ ಕಾಲದವು. ಇದನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ನನ್ನ ಎಲುಬಿನಲ್ಲಿರುವ ತ್ರಿಪದಿ ನನ್ನ ಕಾಲದ್ದಲ್ಲ, ಆಯಿಯ ಕಾಲದ್ದೂ ಅಲ್ಲ, ಆಕೆಯ ಆಯಿ ಎದುರು ಕೂತು ಕಲಿಸಿದ್ದು. ಮನೆಯಲ್ಲಿ ಯಾರಾದರೂ ಹಾಡುತ್ತಿದ್ದರೆ ಮಗುವಿನ ನೆನಪು ಹುಟ್ಟಿನಿಂದಾಚೆಗೂ ಚಾಚುತ್ತದೆ.

ಮದುವೆಯಾಗಿ ನಾನು ಬಂದದ್ದು ಗಡಹಿಂಗ್ಲಜಕ್ಕೆ. ಅರಿಶಿಣಕ್ಕೆ ಒಂದು ಹಾಡು, ಸುರಗಿ ಸುತ್ತುವುದಕ್ಕೆ ಒಂದು, ಬೀಗರ ಮೂಗು, ಹೊಟ್ಟೆ, ಜಿಪುಣತನ ಎಲ್ಲವನ್ನೂ ಹೆಸರು ಹಿಡಿದು ಆಡಿಕೊಳ್ಳುವುದಕ್ಕೆ ಇಡೀ ಒಂದು ರಾತ್ರಿಯ ಹಾಡು. ಗಂಡನ ಹೆಸರು ಹೇಳಬೇಕಾದಾಗ ನಾನು ಕನ್ನಡದಲ್ಲಿ ಒಡಪು ಹೇಳಿದೆ, ನೆರೆಯ ಮರಾಠಿ ಹೆಂಗಸರು ಬಿಡದೆ ಉಖಾಣೆಯನ್ನೂ ಹೇಳಿಸಿದರು. ಹೊರಗೆ ಕೊಲ್ಲಾಪುರದ ಬ್ಯಾಂಡಿನವರು ಹಿಂದಿ ಸಿನೆಮಾದ ಹಾಡು ಊದುತ್ತಿದ್ದರು. ಕೊನೆಗೆ ಹೆಣ್ಣು ಒಪ್ಪಿಸುವ ಹಾಡು. ಸೋದರತ್ತೆ ಎತ್ತಿದಳು, ಎರಡು ಸಾಲಾಗುವುದರೊಳಗೆ ಚಪ್ಪರದಲ್ಲಿ ಕಣ್ಣು ಒಣಗಿದ್ದವರು ಒಬ್ಬರೂ ಇರಲಿಲ್ಲ. ಅಪ್ಪನ ತುಟಿ ಮಗ್ಗದ ಮುಂದೆ ಆಡುತ್ತಿದ್ದಂತೆಯೇ ಆಡುತ್ತಿತ್ತು.

ಆ ದಿನ ಕಾಕಾ ಎಲ್ಲಿಂದಲೋ ಟೇಪ್‌ರೆಕಾರ್ಡರ್ ತಂದಿದ್ದರು. ಮಂಗಳಾಷ್ಟಕ ತುಂಬಿದರು, ಬ್ಯಾಂಡು ತುಂಬಿದರು, ಹಿರಿಯರ ಆಶೀರ್ವಾದದ ಮಾತು ತುಂಬಿದರು. ಹೆಂಗಸರು ಹಾಡಲು ಕೂತಾಗ ಅವರೇ ಅಂದರು: "ಅಣ್ಣಾ, ಬಂದ್ ಮಾಡೋ ಅದನ್ನ. ನಮ್ಮ ಹಾಡೇನು ಹಿಡೀತಿ, ಟೇಪ್ ದಂಡ ಆಗ್ತೈತಿ." ಕಾಕಾ ಬಂದ್ ಮಾಡಿದರು. ಆ ಕ್ಯಾಸೆಟ್ಟು ಇನ್ನೂ ಇದೆ. ಬ್ಯಾಂಡಿನ ಹಾಡು ಸ್ವಚ್ಛವಾಗಿ ಕೇಳುತ್ತದೆ. ಅದೇ ಹಾಡು ಇವತ್ತು ಮೊಬೈಲಿನಲ್ಲಿ ಬೇಕೆಂದಾಗ ಸಿಗುತ್ತದೆ. ಸೋದರತ್ತೆ ಹಾಡಿದ್ದು ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ಮಗಳು ಹುಟ್ಟಿದಾಗ ನಡೆದದ್ದನ್ನು ಹೇಳಬೇಕು. ತೊಟ್ಟಿಲಿಗೆ ಹಾಕಿ ತೂಗತೊಡಗಿದೆ, ಬಾಯಿ ತಾನಾಗಿ ತೆರೆಯಿತು. ಸಾಲೆಗೆ ಹೋದಂದಿನಿಂದ ಒಮ್ಮೆಯೂ ಹಾಡಿರದ ಹಾಡು, ಆಯಿಯ ಧಾಟಿಯಲ್ಲಿ, ಅರ್ಥ ಗೊತ್ತಿಲ್ಲದ ಒಂದೆರಡು ಮಾತುಗಳ ಸಮೇತ ಬಂತು. ಅವ್ವ ಒಳಗಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು, ಅತ್ತೆ ಬದುಕಿ ಬಂದಳೆಂದುಕೊಂಡೆ ಅಂದಳು. ಆಯಿ ತೀರಿ ಆಗ ಬಹಳ ವರ್ಷಗಳಾಗಿದ್ದವು.

ಮತ್ತೆ ಅಪ್ಪ. ಅವರು ಹೋದ ರಾತ್ರಿ ಊರಿನ ಭಜನಿ ಮೇಳದವರು ಬಂದರು. ಪೇಟಿ, ತಾಳ, ದಮ್ಮಡಿ. ನಮ್ಮಲ್ಲಿ ಹೆಣವನ್ನು ಕೂಡಿಸಿರುತ್ತಾರೆ. ಅದರ ಎದುರಿಗೆ ಬೆಳತನಕ ನಿಜಗುಣ ಶಿವಯೋಗಿಗಳ ಪದ, ಕಡಕೋಳ ಮಡಿವಾಳಪ್ಪನವರ ಪದ, ಶಿಶುನಾಳ ಶರೀಫರ ಪದ. 1819ರಿಂದ 1889ರವರೆಗೆ ಬಾಳಿದ ಶರೀಫಸಾಹೇಬರನ್ನು ನಾಡಿನ ಬಹುಮಂದಿ ಬಲ್ಲದ್ದು ಸಿ. ಅಶ್ವಥ್ ಅವರ ರಾಗಗಳಿಂದ, 1990ರಲ್ಲಿ ಬಂದ ನಾಗಾಭರಣರ ಸಿನೆಮಾದಿಂದ. ನಮ್ಮ ಮೇಳದವರ ಧಾಟಿ ಬೇರೆ. ಅದು ನಿಧಾನ, ಒರಟು, ಹಾಡುವವನ ಉಸಿರು ಕೇಳುವಂಥದು. ಮನೆ ಮತ್ತು ಅದರ ತೊಲೆಕಂಬಗಳ ಹೆಸರು ಹೇಳಿ ದೇಹದ ಮಾತಾಡುವ ಪದಗಳನ್ನು ದೇಹದ ಎದುರಿಗೇ ಕೂತು ಹಾಡುವಾಗ ವಿವರಿಸುವುದೇನೂ ಉಳಿಯುವುದಿಲ್ಲ. ಕ್ಷೌರಿಕರು, ಕುಂಬಾರರು, ಮಸೀದಿಯ ಓಣಿಯವರು, ಕನ್ನಡ ಅರ್ಧವೇ ತಿಳಿಯುವ ಮರಾಠಿಗರು ಎಲ್ಲರೂ ಪಲ್ಲವಿ ಹಿಡಿಯುತ್ತಿದ್ದರು. ಆ ಪದಗಳನ್ನು ಈಗ ಸಭೆಯಲ್ಲಿ ಹಾಡಿದರೆ ನಾನು ಎದ್ದು ಹೊರಗೆ ಬರುತ್ತೇನೆ.

ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರಕರರ ಒಂದು ಭೈರವಿಯನ್ನು 1977ರಲ್ಲಿ ವಾಯೇಜರ್ ನೌಕೆಯ ಬಂಗಾರದ ತಟ್ಟೆಯಲ್ಲಿ ಇಟ್ಟು ಕಳಿಸಿದರು. ಕೊಲ್ಲಾಪುರದ ಗಾಯನಶೈಲಿ ಗ್ರಹಗಳನ್ನೆಲ್ಲ ದಾಟಿ ನಕ್ಷತ್ರಗಳ ನಡುವೆ ಹೋಗುತ್ತಿದೆ. ಇದನ್ನು ನೆನೆದರೆ ಎದೆ ತುಂಬುತ್ತದೆ. ಅದೇ ಹೊತ್ತಿಗೆ ಗಡಹಿಂಗ್ಲಜ ತಾಲೂಕಿನ ನಾಲ್ಕು ಮೈಲಿಯಾಚೆಯ ಮುದುಕಿಯ ಹಾಡು ಗಡಹಿಂಗ್ಲಜದ ಪೇಟೆಯವರೆಗೂ ಬಂದಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಅಂಥ ಹಾಡುಗಳನ್ನು ಕೂಡಿಸುವುದು ಆಗದ ಕೆಲಸವೇನಲ್ಲ. ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಯಾವ ಯಂತ್ರವೂ ಇಲ್ಲದೆ, ಹೆಂಗಸರ ಬಾಯಿಂದ ಕೇಳಿ ಬರೆದು 1931ರಲ್ಲಿ 'ಗರತಿಯ ಹಾಡು' ತಂದರು. ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತವಾಂ ಹಳ್ಳಿಹಳ್ಳಿ ತಿರುಗಿ ಬೀಸುಕಲ್ಲಿನ ಓವಿಗಳನ್ನು ಲಕ್ಷಕ್ಕೂ ಮೇಲೆ ಕೂಡಿಸಿದರು. ಅವುಗಳಲ್ಲಿ ಹಲವು ಈಗ 'ಪರಿ' ಎಂಬ ಗ್ರಾಮೀಣ ಭಾರತದ ಸಂಗ್ರಹದಲ್ಲಿ ಹಾಡಿದವರ ಹೆಸರು, ಊರಿನ ಸಮೇತ ಕೇಳಲು ಸಿಗುತ್ತವೆ. ಗಡಿಯ ಈಚೆ ಬದಿಯ ಕನ್ನಡದ ಹಾಡುಗಳೂ ಹೀಗೆಯೇ ಹೆಸರು, ಊರಿನ ಸಮೇತ ಉಳಿಯಬೇಕು. ಹಾಡಬಲ್ಲವರೆಲ್ಲ ಎಪ್ಪತ್ತೈದು ದಾಟಿದವರು, ಕಾಯಲು ಹೊತ್ತಿಲ್ಲ.

ಹಾಗೆಂದೇ ನಾನು ಮೊಬೈಲು ಹಿಡಿದು ಹಳ್ಳಿಗಳಿಗೆ ಹೋಗತೊಡಗಿದ್ದೇನೆ. ಮೊದಲು ಯಾರೂ ಹಾಡುವುದಿಲ್ಲ, ಚಹಾ ಕೊಡುತ್ತಾರೆ, ನಿಮ್ಮ ತವರು ಯಾವುದೆಂದು ಕೇಳುತ್ತಾರೆ. ಸುಳಕೂಡ ಎಂದೊಡನೆ ಅಲ್ಲಿಗೆ ಕೊಟ್ಟ ಯಾರೋ ಹೆಣ್ಣುಮಗಳ ಸುದ್ದಿ ಬರುತ್ತದೆ. ಒಬ್ಬ ಹಿರಿಯಳು, ಒಂದು ಕಾಲಕ್ಕೆ ಸುತ್ತಲ ಊರಿನವರು ಮದುವೆಗೆ ಕರೆದು ಹಾಡಿಸುತ್ತಿದ್ದಾಕೆ, ಕಣ್ಣುಮುಚ್ಚಿ ಬಹಳ ಹೊತ್ತು ಕೂತಳು. ಒಂದು ನುಡಿಯೂ ಬರಲಿಲ್ಲ. "ಸುಮ್ಮ ಕುಂತರ ಎಲ್ಲಿಂದ ಬರಬೇಕ ಯವ್ವಾ? ಕಲ್ಲ ತಿರಗಿದ್ರ ಹಾಡ. ಕೈ ನಿಂತೈತಿ, ಬಾಯೀನೂ ನಿಂತೈತಿ" ಅಂದಳು. ಮೊಮ್ಮಗ ಹಿತ್ತಲಿಗೆ ಹೋಗಿ, ತುಳಸಿಕಟ್ಟೆಯ ಬದಿಗೆ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು ಪಡಸಾಲೆಗೆ ತಂದಿಟ್ಟ. ಗೂಟ ಇರಲಿಲ್ಲ, ಕುಡುಗೋಲಿನ ಹಿಡಿಯೊಂದನ್ನು ಬಡಿದು ಕೂಡಿಸಿದ. ಕಾಳು ಹಾಕದೆ ಕಲ್ಲು ತಿರುಗಿಸಬಾರದು, ಸವೆಯುತ್ತದೆ ಎಂದು ಆಕೆ ಒಪ್ಪಲಿಲ್ಲ. ಸೊಸೆ ಜೋಳ ತಂದಳು. ಎದುರಿಗೆ ನಾನು ಕೂತು ಗೂಟಕ್ಕೆ ಕೈಕೊಟ್ಟೆ. ಎರಡು ಸುತ್ತು 'ಗರ್' ಎಂದು ತಿರುಗಿತು, ಮೂರನೆಯ ಸುತ್ತಿಗೆ ಆಕೆ ಕಲ್ಲಿಗೆ ಶರಣೆನ್ನುವ ನುಡಿ ಎತ್ತಿದಳು. ಆಮೇಲೆ ನಿಲ್ಲಲಿಲ್ಲ, ಕಾಳು ಮುಗಿದಾಗ ಸೊಸೆ ಮತ್ತೆ ತರಬೇಕಾಯಿತು.

ಈ ಕೆಲಸಕ್ಕೆ ಹೊರಡುವ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಖಂಡಿತ ಇದ್ದಾರೆ. ಅವರಿಗೆ ನನ್ನದೊಂದು ಮಾತು. ಮೊಬೈಲಿನ ಜೊತೆ ಚೀಲದಲ್ಲಿ ಒಂದು ಸೇರು ಜೋಳ ಒಯ್ಯಿರಿ. ಇಬ್ಬರು ಹೋಗಿರಿ, ಒಬ್ಬರು ಹಿಡಿದುಕೊಳ್ಳಲು, ಒಬ್ಬರು ಬೀಸಲು. ಹಾಡಿದವಳ ಹೆಸರು, ಆಕೆಯ ತವರಿನ ಹೆಸರು, ಆಕೆಗೆ ಕಲಿಸಿದವಳ ಹೆಸರು ಅಲ್ಲಿಯೇ ಕೇಳಿ ಬರೆದುಕೊಳ್ಳಿರಿ. ಮತ್ತು ಹಿಟ್ಟನ್ನು ಅವರ ಮನೆಗೇ ಬಿಟ್ಟು ಬನ್ನಿರಿ.